ಯಾರು ಹೇಳಿದ ಮಾತು? ಅಮೆರಿಕದ ನಕಾರಾತ್ಮಕ ಪ್ರಚಾರವೂ ಅದನ್ನು ಅಳೆದು ನೋಡಿದ ಪುಸ್ತಕಗಳೂ

ಅಮೆರಿಕದಲ್ಲಿ ಅಧ್ಯಕ್ಷೀಯ ಚುನಾವಣೆ ಹತ್ತಿರವಾದಾಗಲೆಲ್ಲ ಒಂದೇ ಬಗೆಯ ಅಳಲು ಕೇಳಿಬರುತ್ತದೆ. ಇಷ್ಟು ಕೀಳುಮಟ್ಟದ ಪ್ರಚಾರವನ್ನು ದೇಶ ಹಿಂದೆಂದೂ ಕಂಡಿರಲಿಲ್ಲ, ಎದುರಾಳಿಯ ತೇಜೋವಧೆಯೇ ರಾಜಕಾರಣವಾಗಿಬಿಟ್ಟಿದೆ, ಇದರಿಂದ ಬೇಸತ್ತ ಜನ ಮತಗಟ್ಟೆಯತ್ತ ಸುಳಿಯುವುದನ್ನೇ ಬಿಡುತ್ತಾರೆ ಎಂದು ಸಂಪಾದಕೀಯಗಳು, ಟಿವಿ ಚರ್ಚೆಗಳು, ನಿವೃತ್ತ ರಾಜಕಾರಣಿಗಳ ಭಾಷಣಗಳು ಸಾಲಾಗಿ ಹೇಳುತ್ತವೆ. ಈ ಅಳಲಿನ ಬೆನ್ನಿಗೇ, ಅದರಲ್ಲೂ 1988ರ ಚುನಾವಣೆಯ ನಂತರ, ನಕಾರಾತ್ಮಕ ಪ್ರಚಾರವನ್ನೇ ವಸ್ತುವಾಗಿಸಿಕೊಂಡ ಪುಸ್ತಕಗಳ ದೊಡ್ಡ ಸಾಲೊಂದು ಬೆಳೆದುಬಂದಿದೆ. ಇವುಗಳನ್ನು ಪ್ರಕಟವಾದ ಕ್ರಮದಲ್ಲಿ ಓದಿದರೆ ವಿದ್ವಾಂಸರ ನಿಲುವು ಗಾಬರಿಯಿಂದ ಸಮರ್ಥನೆಯತ್ತ, ಸಮರ್ಥನೆಯಿಂದ ಸಂಶಯದತ್ತ ಸರಿದದ್ದು ಕಾಣುತ್ತದೆ. ಆದರೆ ಚರ್ಚೆಯ ಬಹುಪಾಲು ಸಕಾರಾತ್ಮಕ ಪ್ರಚಾರ ಒಳ್ಳೆಯದು, ನಕಾರಾತ್ಮಕ ಪ್ರಚಾರ ಕೆಟ್ಟದ್ದು ಎಂಬ ವಿಭಜನೆಯ ಸುತ್ತಲೇ ನಡೆಯಿತೆಂಬುದೂ, ಆ ವಿಭಜನೆಯಿಂದ ಹೆಚ್ಚೇನೂ ದಕ್ಕುವುದಿಲ್ಲವೆಂಬುದೂ ನನ್ನ ಅಭಿಪ್ರಾಯ. ಆರೋಪ ಮಾಡಿದವರು ಯಾರು, ಅದಕ್ಕೆ ಪುರಾವೆ ಏನು, ಅದು ಸುಳ್ಳೆಂದು ತಿಳಿದಾಗ ಮತದಾರನ ಮುಂದೆ ಉತ್ತರಿಸಬೇಕಾದವರು ಯಾರು ಎಂಬ ಪ್ರಶ್ನೆಗಳೇ ಹೆಚ್ಚು ಮುಖ್ಯವಾದವು, ಮತ್ತು ಕಳೆದ ಹದಿನೈದು ವರ್ಷಗಳಲ್ಲಿ ತೀರಾ ಹದಗೆಟ್ಟಿರುವುದು ಇವುಗಳ ಉತ್ತರವೇ.

ಹಿಂದಿನ ಕಾಲ ಸಭ್ಯವಾಗಿತ್ತೆಂಬ ನಂಬಿಕೆ ಮೊದಲು ಬೀಳಬೇಕು. 1800ರಲ್ಲಿ ಜಾನ್ ಆಡಮ್ಸ್ ಮತ್ತು ಥಾಮಸ್ ಜೆಫರ್ಸನ್ ಎದುರುಬದುರಾದಾಗ, ಸ್ವಾತಂತ್ರ್ಯ ಘೋಷಣೆಗೆ ಒಟ್ಟಿಗೆ ಸಹಿ ಹಾಕಿದ್ದ ಈ ಇಬ್ಬರ ಬೆಂಬಲಿಗರು ಪರಸ್ಪರ ಬಳಸಿದ ಭಾಷೆಯನ್ನು ಇಂದಿನ ಯಾವ ಟಿವಿ ಜಾಹೀರಾತೂ ಮೀರಿಸಲಾರದು. ಜೆಫರ್ಸನ್ ಗೆದ್ದರೆ ಧರ್ಮಗ್ರಂಥಗಳಿಗೇ ಉಳಿವಿಲ್ಲವೆಂದು ಒಂದು ಪಕ್ಷ ಹೆದರಿಸಿದರೆ, ಆಡಮ್ಸ್ ಗಂಡೂ ಅಲ್ಲದ ಹೆಣ್ಣೂ ಅಲ್ಲದ ವಿಕಾರ ಸ್ವಭಾವದವರೆಂದು ಜೇಮ್ಸ್ ಕ್ಯಾಲೆಂಡರ್ ಎಂಬ ಕರಪತ್ರಕಾರ ಬರೆದ. ಆಡಮ್ಸ್ ಅವರ ಫೆಡರಲಿಸ್ಟ್ ಪಕ್ಷ 1798ರಲ್ಲೇ ರಾಜದ್ರೋಹ ಕಾಯ್ದೆಯೊಂದನ್ನು ತಂದಿತ್ತು. ಸರ್ಕಾರದ ವಿರುದ್ಧ ಸುಳ್ಳು ಮತ್ತು ದ್ವೇಷಪೂರಿತ ಬರಹ ಪ್ರಕಟಿಸುವುದು ಅದರ ಪ್ರಕಾರ ಅಪರಾಧ. ಕ್ಯಾಲೆಂಡರ್ ಅದರಡಿಯಲ್ಲಿ ಜೈಲಿಗೆ ಹೋದ. ಅದಕ್ಕೂ ಮೊದಲು, ಇದೇ ಕಾಯ್ದೆಯಡಿ ಜೈಲು ಸೇರಿದ್ದ ವರ್ಮಾಂಟ್‌ನ ಸಂಸದ ಮ್ಯಾಥ್ಯೂ ಲಯನ್ ಅವರನ್ನು ಮತದಾರರು ಜೈಲಿನಲ್ಲಿದ್ದಾಗಲೇ ಮರು ಆಯ್ಕೆ ಮಾಡಿದರು. ಕಾಯ್ದೆಯ ಮಾತುಗಳನ್ನು ಓದಿದರೆ ಅದು ಸುಳ್ಳಿನ ವಿರುದ್ಧದ ಕಾನೂನು. ಶಿಕ್ಷೆಗೊಳಗಾದವರ ಪಟ್ಟಿ ನೋಡಿದರೆ ಅದು ವಿರೋಧ ಪಕ್ಷದ ಪತ್ರಿಕೆಗಳ ವಿರುದ್ಧದ ಕಾನೂನು. ಚುನಾವಣಾ ಮಾತಿನ ಸತ್ಯಾಸತ್ಯತೆಯನ್ನು ಸರ್ಕಾರ ನಿರ್ಧರಿಸಬಾರದೆಂಬ ಅಮೆರಿಕನ್ನರ ಬಲವಾದ ನಿಲುವಿನ ಹಿಂದೆ ಈ ಅನುಭವವಿದೆ. ಅದನ್ನು ಮರೆತು ಆ ನಿಲುವನ್ನು ಬರೀ ಹಟವೆಂದು ತಳ್ಳಿಹಾಕುವುದು ಸರಿಯಲ್ಲ.

1828ರ ಅಧ್ಯಕ್ಷೀಯ ಚುನಾವಣೆಯಲ್ಲಿ, ಆಂಡ್ರ್ಯೂ ಜಾಕ್ಸನ್ ಸೇನಾಧಿಕಾರಿಯಾಗಿದ್ದಾಗ ತಮ್ಮದೇ ಸೈನಿಕರನ್ನು ಕೊಲ್ಲಿಸಿದರೆಂದು ದೂರಿ ಹಂಚಲಾದ ಶವಪೆಟ್ಟಿಗೆಗಳ ಚಿತ್ರವಿದ್ದ ಕರಪತ್ರಗಳು, ಅವರ ಪತ್ನಿ ರೇಚೆಲ್ ಮೊದಲ ಗಂಡನಿಂದ ವಿಚ್ಛೇದನ ಪೂರ್ಣವಾಗುವ ಮುನ್ನವೇ ಮರುಮದುವೆಯಾದರೆಂಬ ಆರೋಪ, ಮತ್ತು ಗಂಡ ಗೆದ್ದ ಕೆಲವೇ ವಾರಗಳಲ್ಲಿ ಆಕೆ ತೀರಿಕೊಂಡಾಗ ಆ ಸಾವಿಗೆ ಅಪಪ್ರಚಾರವೇ ಕಾರಣವೆಂದು ಜಾಕ್ಸನ್ ಕೊನೆಯವರೆಗೂ ನಂಬಿದ್ದು, ಇವೆಲ್ಲ ಈ ವಿಷಯದ ಪ್ರತಿ ಜನಪ್ರಿಯ ಪುಸ್ತಕದಲ್ಲೂ ಬರುತ್ತವೆ. ಅಂಥ ಪುಸ್ತಕಗಳು ಘಟನೆಗಳನ್ನು ರಂಜಕವಾಗಿ ಜೋಡಿಸುತ್ತವೆಯಾದರೂ ವಿವರಣೆಯ ಮಟ್ಟದಲ್ಲಿ ಹೆಚ್ಚೇನನ್ನೂ ಕೊಡುವುದಿಲ್ಲ.

ಟಿವಿ ಬಂದ ಮೇಲಿನ ಕಥೆ ಬೇರೆ. 1964ರ ಸೆಪ್ಟೆಂಬರ್ 7ರ ರಾತ್ರಿ ಎನ್‌ಬಿಸಿ ವಾಹಿನಿಯಲ್ಲಿ ಲಿಂಡನ್ ಜಾನ್ಸನ್ ಪರವಾದ ಒಂದು ನಿಮಿಷದ ಜಾಹೀರಾತು ಪ್ರಸಾರವಾಯಿತು. ಪುಟ್ಟ ಹುಡುಗಿಯೊಬ್ಬಳು ಹೂವಿನ ಎಸಳು ಕೀಳುತ್ತ ಎಣಿಸುತ್ತಾಳೆ, ಅವಳ ಎಣಿಕೆ ಮುಗಿಯುತ್ತಿದ್ದಂತೆ ಗಂಡು ಧ್ವನಿಯೊಂದು ಹಿಮ್ಮುಖವಾಗಿ ಎಣಿಸತೊಡಗುತ್ತದೆ, ಅಣುಬಾಂಬ್ ಸ್ಫೋಟಿಸುತ್ತದೆ. ಎದುರಾಳಿ ಬ್ಯಾರಿ ಗೋಲ್ಡ್‌ವಾಟರ್ ಅವರ ಹೆಸರು ಅದರಲ್ಲಿ ಎಲ್ಲಿಯೂ ಇಲ್ಲ. ರಣರಂಗದ ಅಣ್ವಸ್ತ್ರಗಳ ಬಳಕೆಯ ಬಗ್ಗೆ ಅವರು ಹಗುರವಾಗಿ ಆಡಿದ್ದ ಮಾತುಗಳು, 1963ರ ಅಣ್ವಸ್ತ್ರ ಪರೀಕ್ಷಾ ನಿಷೇಧ ಒಪ್ಪಂದದ ವಿರುದ್ಧ ಹಾಕಿದ್ದ ಮತ ಜನರಿಗೆ ಮೊದಲೇ ಗೊತ್ತಿದ್ದವು. ಜಾಹೀರಾತು ನೋಡುಗನ ಮನಸ್ಸಿನಲ್ಲಿದ್ದ ಭಯವನ್ನು ಹೊರಗೆಳೆದದ್ದಷ್ಟೆ. ಹಣ ಕೊಟ್ಟು ಪ್ರಸಾರ ಮಾಡಿಸಿದ್ದು ಆ ಒಂದೇ ಬಾರಿ. ಆಮೇಲೆ ಸುದ್ದಿವಾಹಿನಿಗಳು ಅದನ್ನು ಸುದ್ದಿಯೆಂದು ಪುಕ್ಕಟೆಯಾಗಿ ಇಡೀ ದೇಶಕ್ಕೆ ತೋರಿಸಿದವು. ರಾಬರ್ಟ್ ಮ್ಯಾನ್ 2011ರಲ್ಲಿ ಈ ಒಂದು ಜಾಹೀರಾತಿನ ಬಗ್ಗೆಯೇ ‘ಡೇಸಿ ಪೆಟಲ್ಸ್ ಅಂಡ್ ಮಶ್ರೂಮ್ ಕ್ಲೌಡ್ಸ್’ ಎಂಬ ಪುಸ್ತಕ ಬರೆದರು. ಜಾಹೀರಾತು ಚಿಕ್ಕದು, ಅದರ ಬಗೆಗಿನ ಸುದ್ದಿ ದೊಡ್ಡದು ಎಂಬ ಲೆಕ್ಕಾಚಾರವನ್ನು ಮುಂದಿನ ತಲೆಮಾರಿನ ಪ್ರಚಾರ ತಂತ್ರಜ್ಞರು ಇಲ್ಲಿಂದಲೇ ಕಲಿತರು.

ಆ ಲೆಕ್ಕಾಚಾರದ ಪೂರ್ಣ ರೂಪ ಕಂಡದ್ದು 1988ರಲ್ಲಿ. ಮಸಾಚುಸೆಟ್ಸ್ ರಾಜ್ಯದಲ್ಲಿ ಕೈದಿಗಳನ್ನು ವಾರಾಂತ್ಯದ ರಜೆಯ ಮೇಲೆ ಹೊರಗೆ ಬಿಡುವ ಯೋಜನೆಯೊಂದಿತ್ತು. ಅದು ಶುರುವಾದದ್ದು ರಿಪಬ್ಲಿಕನ್ ಗವರ್ನರ್ ಒಬ್ಬರ ಕಾಲದಲ್ಲಿ. ಆದರೆ ಪ್ರಥಮ ದರ್ಜೆಯ, ಅಂದರೆ ಕಾನೂನು ಅತಿ ಗಂಭೀರವೆಂದು ಎಣಿಸುವ ಬಗೆಯ ಕೊಲೆಗಾರರನ್ನು ಅದರಿಂದ ಹೊರಗಿಡುವ ಮಸೂದೆಯನ್ನು 1976ರಲ್ಲಿ ತಡೆದವರು ಡೆಮಾಕ್ರಟಿಕ್ ಗವರ್ನರ್ ಮೈಕೆಲ್ ಡುಕಾಕಿಸ್. ಕೊಲೆ ಅಪರಾಧಿ ವಿಲಿ ಹಾರ್ಟನ್ ಅಂಥ ರಜೆಯಲ್ಲಿ ತಪ್ಪಿಸಿಕೊಂಡು, 1987ರಲ್ಲಿ ಮೇರಿಲ್ಯಾಂಡ್‌ನ ಮನೆಯೊಂದಕ್ಕೆ ನುಗ್ಗಿ ಯುವಕನೊಬ್ಬನನ್ನು ಹಿಂಸಿಸಿ ಅವನು ಮದುವೆಯಾಗಲಿದ್ದ ಯುವತಿಯ ಮೇಲೆ ಅತ್ಯಾಚಾರ ಎಸಗಿದ. ಡುಕಾಕಿಸ್ ಅಧ್ಯಕ್ಷ ಸ್ಥಾನದ ಅಭ್ಯರ್ಥಿಯಾದಾಗ, ಜಾರ್ಜ್ ಎಚ್. ಡಬ್ಲ್ಯೂ. ಬುಷ್ ಅವರ ಪ್ರಚಾರ ತಂಡಕ್ಕೆ ಅಧಿಕೃತವಾಗಿ ಸೇರದ ಗುಂಪೊಂದು ಹಾರ್ಟನ್‌ನ ಭಾವಚಿತ್ರವನ್ನು ತೋರಿಸುವ ಜಾಹೀರಾತನ್ನು ಕೇಬಲ್ ವಾಹಿನಿಗಳಲ್ಲಿ ಹಾಕಿತು. ಆತ ಕಪ್ಪು ವರ್ಣೀಯನೆಂಬುದನ್ನು ಬಾಯಲ್ಲಿ ಹೇಳುವ ಅಗತ್ಯವೇ ಇರಲಿಲ್ಲ. ಬುಷ್ ತಂಡದ ಅಧಿಕೃತ ಜಾಹೀರಾತು ಅಕ್ಟೋಬರ್ 5ರಂದು ಶುರುವಾಯಿತು. ಅದರಲ್ಲಿ ಹಾರ್ಟನ್ ಇರಲಿಲ್ಲ. ತಿರುಗುವ ಬಾಗಿಲಿನೊಳಗೆ ಹೋಗಿ ಹಾಗೆಯೇ ಹೊರಬರುವ ಕೈದಿಗಳ ಸಾಲು, ಮತ್ತು 268 ಮಂದಿ ಪರಾರಿಯಾದರೆಂಬ ಅಕ್ಷರಗಳು ಇದ್ದವು.

ಕ್ಯಾಥ್ಲೀನ್ ಹಾಲ್ ಜೇಮೀಸನ್ ಅವರು 1992ರ ‘ಡರ್ಟಿ ಪಾಲಿಟಿಕ್ಸ್’ ಪುಸ್ತಕದಲ್ಲಿ ಮಾಡಿದ ಕೆಲಸ ಇಂದಿಗೂ ಈ ಕ್ಷೇತ್ರದ ಅತ್ಯುತ್ತಮ ವಿಶ್ಲೇಷಣೆ ಎಂದು ನಾನು ತಿಳಿದಿದ್ದೇನೆ. ಅಧಿಕೃತ ಜಾಹೀರಾತಿನ ಧ್ವನಿ ಪ್ರಥಮ ದರ್ಜೆಯ ಕೊಲೆಗಾರರ ಬಗ್ಗೆ ಮಾತನಾಡುತ್ತಿರುವಾಗ ಪರದೆಯ ಮೇಲೆ 268 ಎಂಬ ಸಂಖ್ಯೆ ಕಾಣಿಸಿಕೊಳ್ಳುತ್ತದೆ. ಆ 268 ಮಂದಿ ಕೊಲೆಗಾರರು, ಅವರಲ್ಲಿ ಅನೇಕರು ಅತ್ಯಾಚಾರ ಎಸಗಿದರು ಎಂದು ನೋಡುಗ ತಾನೇ ಜೋಡಿಸಿಕೊಳ್ಳುತ್ತಾನೆ. ವಾಸ್ತವದಲ್ಲಿ ಅವರಲ್ಲಿ ಬಹುತೇಕರು ಪ್ರಥಮ ದರ್ಜೆಯ ಕೊಲೆಗಾರರೇ ಅಲ್ಲ; ಅಂಥ ಕೊಲೆಗಾರರ ಪೈಕಿ ಪರಾರಿಯಾಗಿ ಅಪಹರಣ, ಅತ್ಯಾಚಾರ ಮಾಡಿದವನು ಹಾರ್ಟನ್ ಒಬ್ಬನೇ. ಬಿಡಿಬಿಡಿಯಾಗಿ ಯಾವ ವಾಕ್ಯವೂ ಶುದ್ಧ ಸುಳ್ಳಲ್ಲ, ಒಟ್ಟು ಅರ್ಥ ಮಾತ್ರ ಸುಳ್ಳು. ಮತದಾರರ ಸಣ್ಣ ಗುಂಪುಗಳೊಂದಿಗೆ ಮಾತನಾಡಿದಾಗ ಜೇಮೀಸನ್ ಕಂಡದ್ದು ಇನ್ನೂ ಆತಂಕದ್ದು: ಹೊರಗಿನ ಗುಂಪಿನ ಜಾಹೀರಾತು, ಬುಷ್ ತಂಡದ ಜಾಹೀರಾತು, ಸಂತ್ರಸ್ತರ ಸಂದರ್ಶನ, ರಾತ್ರಿಯ ಸುದ್ದಿಯ ವರದಿ ಎಲ್ಲವೂ ಜನರ ನೆನಪಿನಲ್ಲಿ ಒಂದೇ ಕಥೆಯಾಗಿ ಬೆಸೆದುಹೋಗಿದ್ದವು. ಯಾವುದನ್ನು ಯಾರು ಹೇಳಿದರೆಂದು ಅವರಿಗೆ ನೆನಪಿರಲಿಲ್ಲ. ಬುಷ್ ತಂಡದ ಮುಖ್ಯಸ್ಥ ಲೀ ಅಟ್ವಾಟರ್ 1991ರಲ್ಲಿ ಮಿದುಳಿನ ಗೆಡ್ಡೆಯಿಂದ ಸಾಯುವ ಮುನ್ನ ಡುಕಾಕಿಸ್ ಅವರ ಕ್ಷಮೆ ಕೇಳಿದರು. ಅವರ ತಂತ್ರ ಮಾತ್ರ ಉಳಿಯಿತು.

ಈ ಹಿನ್ನೆಲೆಯಲ್ಲಿ 1995ರಲ್ಲಿ ಬಂದ ಸ್ಟೀಫನ್ ಆನ್ಸೊಲಬೆಹೆರ್ ಮತ್ತು ಶಾಂತೊ ಐಯಂಗಾರ್ ಅವರ ‘ಗೋಯಿಂಗ್ ನೆಗೆಟಿವ್’ ಭಾರಿ ಪ್ರಭಾವ ಬೀರಿತು. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಮನೆಯ ಹಾಲಿನಂತೆ ಸಜ್ಜುಗೊಳಿಸಿದ ಕೋಣೆಗಳಿಗೆ ಸಾಮಾನ್ಯ ಜನರನ್ನು ಕರೆದು, ಸ್ಥಳೀಯ ಸುದ್ದಿಯ ನಡುವೆ ಅಭ್ಯರ್ಥಿಯ ಸಕಾರಾತ್ಮಕ ಇಲ್ಲವೇ ನಕಾರಾತ್ಮಕ ಜಾಹೀರಾತನ್ನು ತೋರಿಸಿ, ಮತ ಹಾಕುವ ಉದ್ದೇಶ ಎಷ್ಟಿದೆಯೆಂದು ಕೇಳಿದ ಪ್ರಯೋಗವದು. ನಕಾರಾತ್ಮಕ ಜಾಹೀರಾತು ನೋಡಿದವರಲ್ಲಿ ಆ ಉದ್ದೇಶ ಸುಮಾರು ಶೇ 5ರಷ್ಟು ಕಡಿಮೆಯಿತ್ತು. ಯಾವ ಪಕ್ಷಕ್ಕೂ ಅಂಟಿಕೊಳ್ಳದ ಮತದಾರರೇ ಹೆಚ್ಚಾಗಿ ಹಿಂದೆ ಸರಿಯುವುದರಿಂದ ಕಣದಲ್ಲಿ ಎರಡೂ ಕಡೆಯ ಕಟ್ಟಾಳುಗಳೇ ಉಳಿಯುತ್ತಾರೆ ಎಂದು ಲೇಖಕರು ಎಚ್ಚರಿಸಿದರು. ವಾದ ಬಲವಾಗಿತ್ತು, ವಿಧಾನ ಹೊಸದಾಗಿತ್ತು. ಆದರೆ ನಂತರದ ಚುನಾವಣೆಗಳು ಇದಕ್ಕೆ ಸಾಕ್ಷಿ ನುಡಿಯಲಿಲ್ಲ. 1996ರಲ್ಲಿ ಅರ್ಹ ಮತದಾರರ ಅರ್ಧದಷ್ಟು ಮಾತ್ರ ಮತ ಹಾಕಿದ್ದರೆ, ಅದಕ್ಕಿಂತ ಎಷ್ಟೋ ಕಹಿಯಾಗಿದ್ದ 2020ರ ಚುನಾವಣೆಯಲ್ಲಿ ಸುಮಾರು ಮೂರನೇ ಎರಡರಷ್ಟು ಜನ ಮತ ಹಾಕಿದರು. ಅದು ಒಂದು ಶತಮಾನಕ್ಕೂ ಮೀರಿದ ಅವಧಿಯಲ್ಲೇ ಅತಿ ಹೆಚ್ಚಿನ ಪ್ರಮಾಣ. ಕೋಪ ಮತ್ತು ಭಯ ಜನರನ್ನು ಮನೆಯಲ್ಲಿ ಕೂರಿಸುವುದಕ್ಕಿಂತ ಮತಗಟ್ಟೆಗೆ ಎಳೆದು ತರುವ ಸಾಧ್ಯತೆಯೂ ಇದೆಯೆಂಬುದನ್ನು ಆ ಪುಸ್ತಕ ಸಾಕಷ್ಟು ಗಣನೆಗೆ ತೆಗೆದುಕೊಂಡಿರಲಿಲ್ಲ.

2006ರಲ್ಲಿ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಜಾನ್ ಗೀರ್ ‘ಇನ್ ಡಿಫೆನ್ಸ್ ಆಫ್ ನೆಗೆಟಿವಿಟಿ’ ಬರೆದು ಚರ್ಚೆಯ ದಿಕ್ಕನ್ನೇ ತಿರುಗಿಸಿದರು. 1960ರಿಂದ 2004ರವರೆಗಿನ ಅಧ್ಯಕ್ಷೀಯ ಟಿವಿ ಜಾಹೀರಾತುಗಳನ್ನು ಪರಿಶೀಲಿಸಿ ಅವರು ಕಂಡುಕೊಂಡದ್ದು ಸಾಮಾನ್ಯ ನಂಬಿಕೆಗೆ ತೀರಾ ವಿರುದ್ಧವಾಗಿತ್ತು. ಸಕಾರಾತ್ಮಕ ಜಾಹೀರಾತುಗಳು ಹೆಚ್ಚಾಗಿ ಕುಟುಂಬ, ಧ್ವಜ, ಭರವಸೆಗಳ ಮಸುಕು ಮಾತುಗಳಲ್ಲಿ ಮುಗಿಯುತ್ತವೆ. ನಕಾರಾತ್ಮಕ ಜಾಹೀರಾತುಗಳೇ ನೀತಿ ವಿಷಯಗಳ ಬಗ್ಗೆ ಹೆಚ್ಚು ನಿರ್ದಿಷ್ಟವಾಗಿ ಮಾತನಾಡುತ್ತವೆ, ಆಧಾರವನ್ನೂ ಒದಗಿಸುತ್ತವೆ. ಕಾರಣವೂ ಸರಳ. ತನ್ನನ್ನು ಹೊಗಳಿಕೊಳ್ಳುವವನಿಂದ ಯಾರೂ ಪುರಾವೆ ಕೇಳುವುದಿಲ್ಲ, ಇನ್ನೊಬ್ಬನನ್ನು ದೂರುವವನಿಂದ ಪತ್ರಕರ್ತರೂ ಎದುರಾಳಿಯೂ ಕೂಡಲೇ ಕೇಳುತ್ತಾರೆ. ಅಧಿಕಾರದಲ್ಲಿರುವವರು ತಮ್ಮ ಲೋಪಗಳನ್ನು ತಾವಾಗಿ ಹೇಳಿಕೊಳ್ಳುವುದಿಲ್ಲವಾದ್ದರಿಂದ ಅದನ್ನು ಹೇಳುವ ಕೆಲಸ ಎದುರಾಳಿಯದೇ. ಅಮೆರಿಕ ದೇಶದ ಹುಟ್ಟಿನ ದಾಖಲೆಯಾದ 1776ರ ಘೋಷಣೆಯ ಬಹುಭಾಗವೂ ಬ್ರಿಟನ್ನಿನ ದೊರೆಯ ಮೇಲಿನ ದೂರುಗಳ ಪಟ್ಟಿಯೇ ಅಲ್ಲವೇ? ಗೀರ್ ಅವರ ಈ ಮೂಲ ತರ್ಕವನ್ನು ನಾನು ಒಪ್ಪುತ್ತೇನೆ. ಟೀಕೆಯಿಲ್ಲದ ಚುನಾವಣೆ ಅಧಿಕಾರದಲ್ಲಿರುವವರಿಗೆ ಮಾತ್ರ ಸುಖ ಕೊಡುತ್ತದೆ.

ಆದರೆ ಅವರ ತರ್ಕ ನಿಂತಿರುವುದು ಒಂದು ಷರತ್ತಿನ ಮೇಲೆ: ದೂರುವವನು ಕಣ್ಣಿಗೆ ಕಾಣುತ್ತಿರಬೇಕು, ಅವನಿಂದ ಪುರಾವೆ ಕೇಳುವವರಿರಬೇಕು, ಸುಳ್ಳು ಹೇಳಿ ಸಿಕ್ಕಿಬಿದ್ದರೆ ಅವನಿಗೆ ಮತ ನಷ್ಟವಾಗಬೇಕು. ಮತ ನಷ್ಟವಾಗುವುದು ನಿಜವೆಂಬುದಕ್ಕೆ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸಲು 2004ರಲ್ಲಿ ಅಯೋವಾ ರಾಜ್ಯದಲ್ಲಿ ನಡೆದ ಪೈಪೋಟಿಯೇ ಉದಾಹರಣೆ. ಮುಂಚೂಣಿಯಲ್ಲಿದ್ದ ಹೊವಾರ್ಡ್ ಡೀನ್ ಮತ್ತು ಡಿಕ್ ಗೆಪಾರ್ಟ್ ಪರಸ್ಪರ ಕಟುವಾಗಿ ಹರಿಹಾಯ್ದು ಇಬ್ಬರೂ ಕುಸಿದರು. ಆ ಜಗಳದಿಂದ ದೂರ ಉಳಿದ ಜಾನ್ ಕೆರಿ, ಜಾನ್ ಎಡ್ವರ್ಡ್ಸ್ ಮೊದಲ ಎರಡು ಸ್ಥಾನ ಪಡೆದರು. 2007ರಲ್ಲಿ ರಿಚರ್ಡ್ ಲಾವ್ ಮತ್ತು ಸಂಗಡಿಗರು 111 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ನಕಾರಾತ್ಮಕ ಪ್ರಚಾರ ಮತ ಗೆಲ್ಲಿಸುತ್ತದೆ ಎಂಬುದಕ್ಕೂ ಮತದಾನವನ್ನು ಕುಗ್ಗಿಸುತ್ತದೆ ಎಂಬುದಕ್ಕೂ ಸ್ಥಿರವಾದ ಆಧಾರ ಸಿಗಲಿಲ್ಲ. ಅದು ನೆನಪಿನಲ್ಲಿ ಹೆಚ್ಚು ಉಳಿಯುತ್ತದೆ, ಎದುರಾಳಿಯ ಮೇಲಿನ ಅಭಿಪ್ರಾಯವನ್ನು ಸ್ವಲ್ಪ ಕೆಡಿಸುತ್ತದೆ, ಆದರೆ ದಾಳಿ ಮಾಡಿದವನ ಮೇಲಿನ ಅಭಿಪ್ರಾಯವನ್ನೂ ಕೆಡಿಸುತ್ತದೆ. ಜೊತೆಗೆ ಸರ್ಕಾರದ ಮೇಲಿನ ನಂಬಿಕೆಯನ್ನು ತುಸು ತಗ್ಗಿಸುತ್ತದೆ.

ದಾಳಿ ಮಾಡಿದವನಿಗೂ ಪೆಟ್ಟು ಬೀಳುವುದಾದರೆ, ಅದನ್ನು ತಪ್ಪಿಸುವ ಸುಲಭ ದಾರಿಯೆಂದರೆ ದಾಳಿಯನ್ನು ಬೇರೆಯವರಿಂದ ಮಾಡಿಸುವುದು. 2004ರ ಆಗಸ್ಟ್‌ನಲ್ಲಿ, ವಿಯೆಟ್ನಾಂ ಯುದ್ಧದಲ್ಲಿ ಕೆರಿ ಪಡೆದ ಪದಕಗಳನ್ನು ಪ್ರಶ್ನಿಸಿ ಮಾಜಿ ಯೋಧರ ಗುಂಪೊಂದು ಕೇವಲ ಮೂರು ರಾಜ್ಯಗಳಲ್ಲಿ ಸುಮಾರು 5 ಲಕ್ಷ ಡಾಲರ್ ಖರ್ಚಿನ ಜಾಹೀರಾತು ಹಾಕಿತು. ನೌಕಾಪಡೆಯ ದಾಖಲೆಗಳು ಅದರ ಆರೋಪಗಳಿಗೆ ವಿರುದ್ಧವಾಗಿದ್ದವು. ಆದರೂ ಕೇಬಲ್ ಸುದ್ದಿವಾಹಿನಿಗಳು ವಾರಗಟ್ಟಲೆ ಅದನ್ನೇ ಚರ್ಚಿಸಿದವು, ಕೆರಿ ತಂಡ ತಡವಾಗಿ ಎಚ್ಚೆತ್ತಿತು. ಜಾರ್ಜ್ ಡಬ್ಲ್ಯೂ. ಬುಷ್ ಅದಕ್ಕೆ ತಾವು ಹೊಣೆಯಲ್ಲವೆಂದು ಹೇಳಿಕೊಳ್ಳಬಹುದಾಗಿತ್ತು, ಏಕೆಂದರೆ ಕಾನೂನಿನ ಕಣ್ಣಿಗೆ ಆ ಗುಂಪು ಸ್ವತಂತ್ರ. ಅಭ್ಯರ್ಥಿಯೇ ತನ್ನ ಧ್ವನಿಯಲ್ಲಿ ‘ಈ ಸಂದೇಶಕ್ಕೆ ನನ್ನ ಒಪ್ಪಿಗೆಯಿದೆ’ ಎಂದು ಹೇಳಲೇಬೇಕೆಂದು 2002ರ ಕಾಯ್ದೆ ವಿಧಿಸಿದ್ದು ಹೊಣೆಗಾರಿಕೆ ಹೆಚ್ಚಲೆಂದು. ಅದರ ಅನುದ್ದೇಶಿತ ಫಲವಾಗಿ ಕೊಳಕು ಕೆಲಸವನ್ನು ಹೊರಗಿನವರಿಗೆ ವಹಿಸುವ ಆಮಿಷವೂ ಹೆಚ್ಚಾಯಿತು.

2010ರ ಜನವರಿಯಲ್ಲಿ ಸಿಟಿಜನ್ಸ್ ಯುನೈಟೆಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ, ಕಂಪನಿಗಳು ಮತ್ತು ಕಾರ್ಮಿಕ ಸಂಘಟನೆಗಳು ಅಭ್ಯರ್ಥಿಯಿಂದ ಸ್ವತಂತ್ರವಾಗಿ ಮಾಡುವ ಚುನಾವಣಾ ವೆಚ್ಚಕ್ಕೆ ಮಿತಿ ಹಾಕುವಂತಿಲ್ಲವೆಂದು ತೀರ್ಪಿತ್ತಿತು. ಅದರ ಬೆನ್ನಿಗೇ ಬಂದ ಕೆಳ ನ್ಯಾಯಾಲಯದ ತೀರ್ಪಿನಿಂದ, ಅಭ್ಯರ್ಥಿಯಿಂದ ಸ್ವತಂತ್ರವಾಗಿ ಮಿತಿಯಿಲ್ಲದೆ ದೇಣಿಗೆ ಎತ್ತಿ ಖರ್ಚು ಮಾಡುವ ಸೂಪರ್ ಪ್ಯಾಕ್ ಎಂಬ ಗುಂಪುಗಳು ಹುಟ್ಟಿಕೊಂಡವು. ಅವು ದೇಣಿಗೆದಾರರ ಹೆಸರನ್ನು ಬಹಿರಂಗಪಡಿಸಬೇಕಾದರೂ, ಹೆಸರು ಹೇಳಬೇಕಿಲ್ಲದ ಲಾಭರಹಿತ ಸಂಸ್ಥೆಯ ಮೂಲಕ ಹಣ ಹರಿಸಿದರೆ ಮೂಲ ಮರೆಯಾಗುತ್ತದೆ. ದೇಶಭಕ್ತಿ, ಭವಿಷ್ಯ, ಕುಟುಂಬ ಎಂಬ ಪದಗಳಿರುವ ಹೆಸರು ಹೊತ್ತು, ಚುನಾವಣೆಗೆ ಕೆಲವೇ ತಿಂಗಳ ಮೊದಲು ಹುಟ್ಟಿ ಮುಗಿದ ಮೇಲೆ ಕಣ್ಮರೆಯಾಗುವ ಗುಂಪಿನ ಜಾಹೀರಾತನ್ನು ನೋಡಿದ ಮತದಾರ ಯಾರ ಮೇಲೆ ಸಿಟ್ಟಾಗಬೇಕು? ಕಾನರ್ ಡೌಲಿಂಗ್ ಮತ್ತು ಆಂಬರ್ ವಿಚೋವ್ಸ್ಕಿ ಅವರ ಪ್ರಯೋಗಗಳು ಇದನ್ನೇ ಪರೀಕ್ಷಿಸಿದವು. ಅದೇ ದಾಳಿಯನ್ನು ಅಭ್ಯರ್ಥಿ ಮಾಡಿದಾಗ ಅವನಿಗೆ ತಗಲುವ ಪೆಟ್ಟು, ಹೊರಗಿನ ಗುಂಪು ಮಾಡಿದಾಗ ಕಡಿಮೆಯಾಗುತ್ತದೆ. ಗುಂಪಿಗೆ ಹಣ ಕೊಟ್ಟವರು ಯಾರೆಂದು ತಿಳಿಸಿದರೆ ಆ ಅನುಕೂಲ ಕುಗ್ಗುತ್ತದೆ. ಗೀರ್ ಅವರ ದತ್ತಾಂಶ 2004ಕ್ಕೆ ನಿಲ್ಲುತ್ತದೆಂಬುದನ್ನು ಇಲ್ಲಿ ನೆನೆಯಬೇಕು. ಅವರು ಸಮರ್ಥಿಸಿದ ಟೀಕೆ ಬಹುಮಟ್ಟಿಗೆ ಹೆಸರು ಹೇಳಿಕೊಂಡ ಟೀಕೆ.

ಕಾನೂನು ಏಕೆ ತಡೆಯುವುದಿಲ್ಲವೆಂದು ಕನ್ನಡದ ಓದುಗರಿಗೆ ಅನಿಸುವುದು ಸಹಜ, ಏಕೆಂದರೆ ಅಭ್ಯರ್ಥಿಯ ವೈಯಕ್ತಿಕ ನಡತೆಯ ಬಗ್ಗೆ ಸುಳ್ಳೆಂದು ತಿಳಿದೂ ಹೇಳಿಕೆ ಪ್ರಕಟಿಸುವುದನ್ನು ನಮ್ಮ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123(4)ನೇ ಕಲಂ ಭ್ರಷ್ಟ ಆಚರಣೆಯೆಂದು ಕರೆಯುತ್ತದೆ. ಅಮೆರಿಕದ ರಾಷ್ಟ್ರೀಯ ಕಾನೂನಿನಲ್ಲಿ ಅಂಥ ನಿಷೇಧವಿಲ್ಲ. ಬದಲಿಗೆ 1934ರ ಸಂವಹನ ಕಾಯ್ದೆಯ 315ನೇ ಕಲಂ, ಅಭ್ಯರ್ಥಿಯ ಜಾಹೀರಾತಿನಲ್ಲಿ ಏನಿದ್ದರೂ ಪ್ರಸಾರ ಕೇಂದ್ರಗಳು ಅದನ್ನು ಕತ್ತರಿಸುವಂತಿಲ್ಲವೆನ್ನುತ್ತದೆ. ಸಾರ್ವಜನಿಕ ವ್ಯಕ್ತಿ ಮಾನನಷ್ಟ ಮೊಕದ್ದಮೆ ಗೆಲ್ಲಬೇಕಾದರೆ, ಹೇಳಿದವನಿಗೆ ಅದು ಸುಳ್ಳೆಂದು ಗೊತ್ತಿತ್ತು ಅಥವಾ ಸತ್ಯಾಸತ್ಯತೆಯ ಪರಿವೆಯೇ ಇರಲಿಲ್ಲವೆಂದು ಸಾಬೀತುಪಡಿಸಬೇಕೆಂದು 1964ರ ಸಲಿವನ್ ತೀರ್ಪು ಹೇಳುತ್ತದೆ. ಚುನಾವಣಾ ಸುಳ್ಳನ್ನು ಶಿಕ್ಷಿಸುವ ಒಹಾಯೊ ರಾಜ್ಯದ ಕಾನೂನನ್ನು ಫೆಡರಲ್ ನ್ಯಾಯಾಲಯ 2016ರಲ್ಲಿ ಅಸಾಂವಿಧಾನಿಕವೆಂದಿತು. 1798ರ ನೆನಪು ಇಲ್ಲಿ ಇನ್ನೂ ಜೀವಂತವಾಗಿದೆ. ಮಾತನ್ನೇ ನಿಷೇಧಿಸುವುದು ಬೇಡವೆಂಬ ಈ ನಿಲುವನ್ನು ಒಪ್ಪಿಯೂ, ಮಾತನಾಡಿದವರ ಹೆಸರು ಮತ್ತು ಹಣದ ಮೂಲ ಬಯಲಾಗಬೇಕೆಂದು ಒತ್ತಾಯಿಸಲು ಯಾವ ಅಡ್ಡಿಯೂ ಇಲ್ಲ. ಸಿಟಿಜನ್ಸ್ ಯುನೈಟೆಡ್ ತೀರ್ಪು ಕೂಡ ಬಹಿರಂಗಪಡಿಸುವ ನಿಯಮಗಳನ್ನು ಎತ್ತಿಹಿಡಿದಿತ್ತು.

ಪುರಾವೆಯೂ ಹೆಸರೂ ಇದ್ದ ಮಾತ್ರಕ್ಕೆ ಎಲ್ಲ ದಾಳಿಯೂ ನ್ಯಾಯವಾಗುತ್ತದೆಯೇ? 2024ರಲ್ಲಿ ಡೊನಾಲ್ಡ್ ಟ್ರಂಪ್ ತಂಡ ಕೋಟ್ಯಂತರ ಡಾಲರ್ ಸುರಿದ ಜಾಹೀರಾತೊಂದು ಈ ಪ್ರಶ್ನೆಯನ್ನು ಕಠಿಣವಾಗಿಸುತ್ತದೆ. ಲಿಂಗಪರಿವರ್ತಿತ ಕೈದಿಗಳ ಚಿಕಿತ್ಸೆಯ ಬಗ್ಗೆ ಕಮಲಾ ಹ್ಯಾರಿಸ್ 2019ರಲ್ಲಿ ಆಡಿದ್ದ ಮಾತಿನ ದೃಶ್ಯವನ್ನೇ ಅದು ತೋರಿಸಿತು. ಟ್ರಂಪ್ ತಂಡದ ಹೆಸರೂ ಅದರಲ್ಲಿತ್ತು. ಆ ಮಟ್ಟಿಗೆ ಗೀರ್ ಅವರ ಪರೀಕ್ಷೆಯಲ್ಲಿ ಅದು ಪಾಸಾಗುತ್ತದೆ. ಆದರೆ ತೀರಾ ಕಡಿಮೆ ಜನರಿಗೆ ಸಂಬಂಧಿಸಿದ ವಿಷಯವನ್ನು ಇಡೀ ಚುನಾವಣೆಯ ಪ್ರಶ್ನೆಯಂತೆ ಬೆಳೆಸಿ, ದುರ್ಬಲ ಅಲ್ಪಸಂಖ್ಯಾತರನ್ನು ಬಹುಸಂಖ್ಯಾತರ ಎದುರಾಳಿಗಳಂತೆ ನಿಲ್ಲಿಸಿದ್ದು ಅಪಾಯದ ಕೆಲಸವೆಂದೇ ನಾನು ಭಾವಿಸುತ್ತೇನೆ. ಆದರೂ ಹ್ಯಾರಿಸ್ ತಂಡಕ್ಕೆ ಅದನ್ನು ಎದುರಿಸಲು ಅವಕಾಶವಿತ್ತು. ಹೆಸರಿರುವ ದಾಳಿಗೆ ಉತ್ತರ ಕೊಡಬಹುದು. ಹೆಸರಿಲ್ಲದ ದಾಳಿಗೆ ಉತ್ತರ ಕೊಡುವುದೆಂದರೆ ಕತ್ತಲಲ್ಲಿ ಕೈಬೀಸಿದಂತೆ.

ಇದಿಷ್ಟಕ್ಕೂ ಗಿರಾಕಿ ಇರುವುದು ಏಕೆಂಬುದನ್ನು ರಾಜ್ಯಶಾಸ್ತ್ರಜ್ಞರಾದ ಅಲನ್ ಅಬ್ರಮೊವಿಟ್ಜ್ ಮತ್ತು ಸ್ಟೀವನ್ ವೆಬ್‌ಸ್ಟರ್ ವಿವರಿಸಿದ್ದಾರೆ. ಇಂದಿನ ಅಮೆರಿಕನ್ ಮತದಾರನನ್ನು ಹಿಡಿದಿಟ್ಟಿರುವುದು ತನ್ನ ಪಕ್ಷದ ಮೇಲಿನ ಪ್ರೀತಿಗಿಂತ ಎದುರು ಪಕ್ಷದ ಮೇಲಿನ ದ್ವೇಷ. ರಾಷ್ಟ್ರೀಯ ಚುನಾವಣಾ ಅಧ್ಯಯನದಲ್ಲಿ ಸೊನ್ನೆಯಿಂದ ನೂರರ ಮಾಪಕದಲ್ಲಿ ಜನ ಎದುರು ಪಕ್ಷಕ್ಕೆ ಕೊಡುವ ಅಂಕ 1970ರ ದಶಕದ ಕೊನೆಯಲ್ಲಿ ಸುಮಾರು 48 ಇದ್ದದ್ದು 2020ರ ಹೊತ್ತಿಗೆ 20ರ ಆಸುಪಾಸಿಗೆ ಇಳಿಯಿತು. ಹೀಗಾಗಿ ಜಾಹೀರಾತುಗಳು ಹೊಸಬರನ್ನು ಒಲಿಸುವುದಕ್ಕಿಂತ ತಮ್ಮವರನ್ನು ಕೆರಳಿಸಿ ದೇಣಿಗೆ ಎತ್ತುವುದಕ್ಕೂ ಮತಗಟ್ಟೆಗೆ ಕರೆತರುವುದಕ್ಕೂ ಹೆಚ್ಚು ಬಳಕೆಯಾಗುತ್ತಿವೆ.

ಜೇಮೀಸನ್ 2018ರಲ್ಲಿ ‘ಸೈಬರ್‌ವಾರ್’ ಎಂಬ ಇನ್ನೊಂದು ಪುಸ್ತಕ ಬರೆದರು. 2016ರಲ್ಲಿ ರಷ್ಯಾದಿಂದ ನಡೆಸಲ್ಪಟ್ಟ ನಕಲಿ ಖಾತೆಗಳು ಅಮೆರಿಕನ್ ಪ್ರಜೆಗಳ ವೇಷದಲ್ಲಿ ಮಾತನಾಡಿದ್ದು ಮತ್ತು ಡೆಮಾಕ್ರಟಿಕ್ ಪಕ್ಷದವರಿಂದ ಕದ್ದ ಇಮೇಲ್‌ಗಳನ್ನು ಪತ್ರಿಕೆಗಳು ಮೂಲದ ಉದ್ದೇಶವನ್ನು ಒತ್ತಿ ಹೇಳದೆ ಸುದ್ದಿ ಮಾಡಿದ್ದು ಅದರ ವಸ್ತು. ‘ಡರ್ಟಿ ಪಾಲಿಟಿಕ್ಸ್’ನ ಮತದಾರರು ಹೇಳಿದವರು ಯಾರೆಂಬುದನ್ನು ಮರೆತಿದ್ದರು, ಈ ಪುಸ್ತಕದ ಮತದಾರರಿಗೆ ಅದನ್ನು ತಿಳಿಯುವ ದಾರಿಯೇ ಇರಲಿಲ್ಲ. ಅಲ್ಲಿಂದ ಮುಂದಿನ ಹೆಜ್ಜೆ 2024ರ ಜನವರಿಯಲ್ಲಿ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಬಿತ್ತು. ಪಕ್ಷದ ಅಭ್ಯರ್ಥಿಯನ್ನು ಮತದಾರರೇ ಆರಿಸುವ ಪ್ರಾಥಮಿಕ ಚುನಾವಣೆಗೆ ಎರಡು ದಿನ ಮುನ್ನ ಸಾವಿರಾರು ಮತದಾರರ ಫೋನ್‌ಗಳಿಗೆ ಜೋ ಬೈಡನ್ ಅವರ ಧ್ವನಿಯಲ್ಲಿ, ಮತವನ್ನು ನವೆಂಬರ್‌ಗೆ ಉಳಿಸಿಕೊಳ್ಳಿ ಎಂಬ ಕರೆ ಬಂತು. ಧ್ವನಿ ಕೃತಕ ಬುದ್ಧಿಮತ್ತೆಯ ಸೃಷ್ಟಿ, ಕರೆ ಬಂದಂತೆ ತೋರಿದ ನಂಬರು ಬೇರೊಬ್ಬರದು. ಅದನ್ನು ಮಾಡಿಸಿದ ರಾಜಕೀಯ ಸಲಹೆಗಾರ ತಾನು ಅಪಾಯದ ಎಚ್ಚರಿಕೆ ಕೊಡಲು ಹೀಗೆ ಮಾಡಿದೆನೆಂದು ಹೇಳಿಕೊಂಡ. ಸಂವಹನ ಆಯೋಗ ಅವನಿಗೆ 60 ಲಕ್ಷ ಡಾಲರ್ ದಂಡ ವಿಧಿಸಿತು, ಅದಕ್ಕೆ ಆಧಾರವಾದದ್ದು ಕರೆಯ ನಂಬರನ್ನು ಮರೆಮಾಚಿದ ಅಪರಾಧ. ಕ್ರಿಮಿನಲ್ ಮೊಕದ್ದಮೆಯಲ್ಲಿ 2025ರ ಜೂನ್‌ನಲ್ಲಿ ಜ್ಯೂರಿ ಅವನನ್ನು ಎಲ್ಲ ಆರೋಪಗಳಿಂದ ಬಿಡುಗಡೆ ಮಾಡಿತು. ಫೆಡರಲ್ ಚುನಾವಣಾ ಆಯೋಗ 2024ರ ಸೆಪ್ಟೆಂಬರ್‌ನಲ್ಲಿ ಇಂಥ ನಕಲಿಗೆ ಹೊಸ ನಿಯಮ ರೂಪಿಸುವ ಬೇಡಿಕೆಯನ್ನು ಕೈಬಿಟ್ಟು, ಇರುವ ಕಾನೂನೇ ಸಾಕೆಂದಿತು; ಮರುತಿಂಗಳೇ ಕ್ಯಾಲಿಫೋರ್ನಿಯಾ ರಾಜ್ಯ ತಂದಿದ್ದ ನಿಯಮವೊಂದನ್ನು ಫೆಡರಲ್ ನ್ಯಾಯಾಧೀಶರು ವಾಕ್ ಸ್ವಾತಂತ್ರ್ಯದ ಹೆಸರಿನಲ್ಲಿ ತಡೆಹಿಡಿದರು.